ಒಂದು ದಿನದ ಪ್ರವಾಸ ಸಾಲದು, ಆರು ಭಾನುವಾರ ಕೊಡಿ

ಮಾನ್ಯರೇ,

ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಬಹುಪಾಲು ಮಕ್ಕಳಿಗೆ ಹೊರಗಿನ ಅನುಭವವೆಂದರೆ ವರ್ಷಕ್ಕೊಮ್ಮೆ ಬಸ್ಸಿನ ಪ್ರವಾಸ, ಕಲೆಯೆಂದರೆ ಪ್ರತಿಭಾ ಕಾರಂಜಿ. ಎರಡೂ ಇರಲಿ. ಆದರೆ ‘ನನ್ನ ಕೈಲಾಗದು’ ಎಂದು ನಂಬಿಯೇ ಬೆಳೆದ ಮಗುವಿಗೆ ಕಿಟಕಿಯಲ್ಲಿ ಕಂಡ ಊರಾಗಲಿ, ಪಕ್ಕದವರಿಗೆ ಬಂದ ಬಹುಮಾನವಾಗಲಿ ಧೈರ್ಯ ತುಂಬುವುದಿಲ್ಲ. ಕೈಯಾರೆ ಮಾಡಿ ಮುಗಿಸಿದ ಒಂದು ಕೆಲಸ ಬೇಕು, ವಾರವಾರವೂ ಹೆಸರು ಹಿಡಿದು ಕರೆಯುವ ಅದೇ ಅಕ್ಕನೋ ಅಣ್ಣನೋ ಬೇಕು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ಮಕ್ಕಳು ವಾರಗಟ್ಟಲೆ ಜೊತೆಗಿದ್ದು ನಾಟಕ ಕಟ್ಟುತ್ತಾರೆ. ಅದು ಬೇಸಿಗೆ ರಜೆಯಲ್ಲಿ. ಹಾಸ್ಟೆಲ್ ಮಕ್ಕಳು ಆಗ ಊರಿಗೆ, ಎಷ್ಟೋ ಮಂದಿ ಅಪ್ಪ ಅಮ್ಮನ ಹಿಂದೆ ಕೂಲಿಗೆ ಹೋಗಿರುತ್ತಾರೆ. ಹಾಗಾಗಿ ದೀಪಾವಳಿಯಿಂದ ಸಂಕ್ರಾಂತಿಯ ನಡುವೆ ಆರು ಭಾನುವಾರಗಳನ್ನು ಬೆಳಗಿನ ನಡಿಗೆಗೂ ಮುಖವಾಡ ಮಾಡುವುದಕ್ಕೂ ಮೀಸಲಿಡಬೇಕು.

ತಂಡದಲ್ಲಿ ಹನ್ನೆರಡು ಮಕ್ಕಳು, ಇಬ್ಬರು ದೊಡ್ಡವರು. ನಲವತ್ತು ಮಕ್ಕಳಿಗೆ ಒಬ್ಬರು ಸೀಟಿ ಊದುತ್ತಾ ಹೊರಟರೆ ಚುರುಕಿನವರು ಮುಂದೆ ಓಡುತ್ತಾರೆ, ಹಿಂದುಳಿದ ಮಗುವಿಗೆ ತರಗತಿಯ ಅವಮಾನವೇ ಗುಡ್ಡದ ಮೇಲೂ ಕಾದಿರುತ್ತದೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದಿರಲಿ, ಉಳಿದವರು ಆ ಹೆಜ್ಜೆಗೆ ಹೊಂದಿಕೊಳ್ಳಲಿ. ಹತ್ತಿರದ ಕೆರೆ ಏರಿಯೋ ಸಣ್ಣ ಗುಡ್ಡವೋ ಸಾಕು: ನಾಲ್ಕೈದು ಕಿ.ಮೀ. ನಡಿಗೆ, ಬೆಳಿಗ್ಗೆ 6.30ಕ್ಕೆ ಹೊರಟು 11ರೊಳಗೆ ವಾಪಸು. ಹೆಜ್ಜೇನಿನ ಗೂಡಿರುವ ಬಂಡೆಯ ಹತ್ತಿರ ಸುಳಿಯಬಾರದು. ಅಲ್ಲಿ ಹೊಗೆ, ಗಲಾಟೆ, ಸೆಂಟು ಮೂರೂ ಅಪಾಯ. ಹಗ್ಗ ಕಟ್ಟಿ ಬಂಡೆ ಹತ್ತಿಸುವುದು ತರಬೇತಿ ಪಡೆದವರ ಕೆಲಸ, ಬೇರೆಯವರು ಕೈಹಾಕಬಾರದು. ಅರಣ್ಯ ಪ್ರದೇಶವಾದರೆ ಅನುಮತಿ ಮೊದಲೇ ಪಡೆಯಬೇಕು.

ದಾರಿಯಲ್ಲಿ ಶೌಚಾಲಯ ಎಲ್ಲಿದೆಯೆಂದು ನೋಡಿಯೇ ಜಾಗ ಗೊತ್ತುಮಾಡಿ. ಇಲ್ಲವಾದರೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ, ತಲೆನೋವು ಬಂದು ಅರ್ಧಕ್ಕೇ ಕೂರುತ್ತಾರೆ. ‘ಹುಡುಗಿಯರ ಕೈಲಾಗಲ್ಲ’ ಎಂಬ ಮಾತು ಹುಟ್ಟುವುದು ಅಲ್ಲಿಂದಲೇ. ಔಷಧಿ ಪೆಟ್ಟಿಗೆಯಲ್ಲಿ ಪ್ಯಾಡ್ ಇರಲಿ, ಪೆಟ್ಟಿಗೆ ಅಕ್ಕನ ಕೈಯಲ್ಲಿರಲಿ.

ತಲೆ ಎಣಿಸುವುದು, ನೀರು ಹಂಚುವುದು, ದಾರಿಯ ನಕ್ಷೆ ಬರೆಯುವುದು ಮಕ್ಕಳ ಪಾಲಿಗೆ ಬಿಡಿ, ಪ್ರತಿವಾರ ಸರದಿ ಬದಲಿಸಿ. ಪೊಟ್ಟಣ ಹಿಡಿಯಲು ಸಾಲಲ್ಲಿ ನಿಲ್ಲಿಸುವ ಬದಲು ತಿಂಡಿಯನ್ನೂ ಅವರೇ ಕಲಸಲಿ: ಒಂದು ಕೆ.ಜಿ. ಅವಲಕ್ಕಿ, ಕಾಲು ಕೆ.ಜಿ. ಹುರಿದ ಕಡಲೆಕಾಯಿ ಬೀಜ, ಅರ್ಧ ಕೆ.ಜಿ. ಈರುಳ್ಳಿ, ನಾಲ್ಕು ನಿಂಬೆಹಣ್ಣು, ಒಂದು ತೆಂಗಿನಕಾಯಿ.

ಮೂರನೇ ವಾರದಿಂದ ಕಾಗದದ ಮುಖವಾಡ. ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನಾಲ್ಕು ಲೋಟ ನೀರಿಗೆ ಸುರಿದು ತಿರುವಿದರೆ ಅಂಟು ಸಿದ್ಧ. ಹುಳ ಬಾರದಿರಲೆಂದು ಕೆಲವರು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳ ಕೆಲಸಕ್ಕೆ ಖಂಡಿತ ಬೇಡ. ಬೇಕಾದಷ್ಟನ್ನು ಆಗಾಗ ಕುದಿಸಿಕೊಂಡರಾಯಿತು. ಜೇಡಿಮಣ್ಣಿನಲ್ಲಿ ಮುಖ ತಿದ್ದಿ, ಮೊದಲ ಪದರಕ್ಕೆ ಬರೀ ನೀರಲ್ಲಿ ನೆನೆದ ಕಾಗದ ಹಾಕಬೇಕು. ಅಲ್ಲಿಗೇ ಅಂಟು ಹಚ್ಚಿದರೆ ಅಚ್ಚಿನಿಂದ ಬಿಡುವುದಿಲ್ಲ. ಮೇಲೆ ಐದು ಪದರ: ಒಂದು ಸುದ್ದಿಪತ್ರಿಕೆ, ಮುಂದಿನದು ಬಿಳಿ ಹಾಳೆ, ಹೀಗೆ ಬದಲಿಸಿದರೆ ಎಲ್ಲಿ ಬಿಟ್ಟುಹೋಗಿದೆಯೆಂದು ಮಗುವಿಗೇ ಕಾಣುತ್ತದೆ. ಒಂದೇ ದಿನ ಎಲ್ಲ ಪದರ ಹಾಕಿದರೆ ಒಳಗೆ ತೇವ ಉಳಿದು ಬೂಸ್ಟು ಹಿಡಿಯುತ್ತದೆ, ಮೂಗು ಕುಸಿಯುತ್ತದೆ. ಈ ವಾರ ಮೂರು, ಮುಂದಿನ ವಾರ ಎರಡು, ಆಮೇಲೆ ಬಣ್ಣ. ಒಂದು ದಿನದ ಶಿಬಿರದಲ್ಲಿ ಇದು ಆಗದಿರುವುದು ಇದಕ್ಕೇ. ಹರಿದರೆ ದೊಡ್ಡವರು ಕಸಿದುಕೊಂಡು ಸರಿಮಾಡಬಾರದು, ತೇಪೆ ಹಾಕುವುದನ್ನು ತೋರಿಸಿದರೆ ಸಾಕು. ‘ಚೆನ್ನಾಗಿದೆ’ ಎನ್ನುವುದಕ್ಕಿಂತ ‘ಈ ಹುಬ್ಬು ಹೇಗೆ ನಿಲ್ಲಿಸಿದೆ?’ ಎಂದು ಕೇಳಿ. ಮೊದಲ ಬಹುಮಾನ, ಎರಡನೇ ಬಹುಮಾನ ಬೇಡವೇ ಬೇಡ.

ದಾನಿಗಳಲ್ಲೂ ಒಂದು ವಿನಂತಿ. ‘ಬಡ ಮಕ್ಕಳಿಗೆ’ ಎಂದು ಬರೆದ ಬ್ಯಾನರ್ ಕೆಳಗೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯಬೇಡಿ. ಆರು ವಾರ ಕಟ್ಟಿದ್ದನ್ನು ಆ ಎರಡು ಪದ ಒಂದೇ ಗಳಿಗೆಯಲ್ಲಿ ಕೆಡವುತ್ತವೆ.

ಇಲಾಖೆಯಿಂದ ಬೇಕಾಗಿರುವುದು ದೊಡ್ಡದೇನಲ್ಲ: ವಾರ್ಡನ್‌ಗಳಿಗೆ ಭಾನುವಾರ ಬೆಳಗಿನ ಅನುಮತಿಯ ಒಂದು ಸುತ್ತೋಲೆ, ಪೋಷಕರ ಒಪ್ಪಿಗೆ ಪತ್ರದ ಒಂದೇ ನಮೂನೆ, ಅರ್ಧ ಆದ ಮುಖವಾಡಗಳನ್ನು ಮಕ್ಕಳ ಹೆಸರು ಬರೆದು ಇಡಲು ಪ್ರತಿ ಹಾಸ್ಟೆಲ್‌ನಲ್ಲಿ ಗಾಳಿಯಾಡುವ ಒಂದು ಬೀರು.

– ಹಾಸ್ಟೆಲ್ ಮಕ್ಕಳ ಶಿಬಿರಗಳ ಮಾರ್ಗದರ್ಶಕರು, ಮೈಸೂರು