ಸಂಜೆ ಐದಕ್ಕೆ ಬಂದವರ ಕೂಲಿ

ಮಗಳೇ,

"ಕೊನೇ ದಿನ ಕ್ಷಮಿಸು ಅಂದುಬಿಟ್ಟರೆ ಅಪ್ಪನಿಗೂ ಸ್ವರ್ಗ, ಇಷ್ಟು ವರ್ಷ ಒದ್ದಾಡಿದ ನಿನಗೂ ಅದೇ ಸ್ವರ್ಗ. ಇದು ಯಾವ ನ್ಯಾಯ ಅಮ್ಮಾ?" ಅಂತ ಕೇಳಿ ನೀನು ಫೋನ್ ಇಟ್ಟೆ. ಆ ವರ್ಷಗಳ ಕಥೆ ಇಲ್ಲಿ ಬರೆಯುವುದಿಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು.

ನನ್ನನ್ನು ಕಾಡುತ್ತಿರುವುದು ಬೇರೆ. ಸಾಯುವ ಹೊತ್ತಿನಲ್ಲಿದ್ದ ನಿನ್ನಪ್ಪನ ಬಾಯಿಗೆ ಪಾಸ್ಟರ್ ಪ್ರಭುಭೋಜನದ ರೊಟ್ಟಿ, ಯೇಸುವಿನ ನೆನಪಿನ ಆ ಪವಿತ್ರ ರೊಟ್ಟಿ ಇಡುವಾಗ ನೀನು ಎದ್ದು ಹೊರಗೆ ಹೋದೆ. ಪ್ರಾರ್ಥನೆ ಮುಗಿದರೂ ಒಳಗೆ ಬರಲಿಲ್ಲ. ಅಪ್ಪನ ಮೇಲಿನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವತ್ತು ನೀನು ಬೆನ್ನು ತಿರುಗಿಸಿದ್ದು ಅವರಿಗೋ, ದೇವರಿಗೋ? ರಾತ್ರಿ ನಿದ್ದೆ ಬರದೆ ಇದನ್ನೇ ಯೋಚಿಸುತ್ತೇನೆ.

ಬೈಬಲಿನ ಮತ್ತಾಯನ 20ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆ ನಿನಗೆ ಬಾಯಿಪಾಠ. ದ್ರಾಕ್ಷಿತೋಟದ ಯಜಮಾನ ಬೆಳಗಾಗುತ್ತಲೇ ಆಳುಗಳನ್ನು ಕರೆದ. ಆಮೇಲೆ 9 ಗಂಟೆಗೆ, 12ಕ್ಕೆ, 3ಕ್ಕೆ, ಕೊನೆಗೆ ಸಂಜೆ 5ಕ್ಕೂ ಕರೆದ. ಎಲ್ಲರಿಗೂ ಒಂದೇ ಬೆಳ್ಳಿ ನಾಣ್ಯ. ಬಿಸಿಲಲ್ಲಿ ಬೆಂದವರು ಗೊಣಗಿದರು. ಅವರ ಗೊಣಗಾಟ ತಪ್ಪು ಅಂತ ನಾನು ಹೇಳುವುದಿಲ್ಲ. ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಆ ನಾಣ್ಯ ಒಂದು ದಿನದ ಕೂಲಿ, ಅಂದರೆ ಒಂದು ಮನೆಯ ಅವತ್ತಿನ ಊಟ. ಗಂಟೆ ಲೆಕ್ಕದಲ್ಲಿ ಹನ್ನೆರಡರಲ್ಲಿ ಒಂದು ಪಾಲು ಕೊಟ್ಟಿದ್ದರೆ ಲೆಕ್ಕ ಸರಿಯಾಗುತ್ತಿತ್ತು, ಸಂಜೆ ಬಂದವನ ಮಕ್ಕಳು ಹಸಿದು ಮಲಗುತ್ತಿದ್ದರು. ಯಜಮಾನ ಯಾರ ಕೂಲಿಯನ್ನೂ ಕಿತ್ತುಕೊಳ್ಳಲಿಲ್ಲ. ಬೆಳಗ್ಗೆ ಬಂದವರಿಗೆ ಕೊಡುತ್ತೇನೆಂದದ್ದನ್ನು ಪೂರ್ತಿ ಕೊಟ್ಟ.

ನೀನು ಈಗ ಏನು ಹೇಳುತ್ತೀಯ ಅಂತ ಗೊತ್ತು. ಸಂಜೆಯವರು "ನಮ್ಮನ್ನು ಯಾರೂ ಕರೆಯಲಿಲ್ಲ" ಅಂದರು. ಅಪ್ಪನನ್ನು ಬೆಳಗ್ಗೆಯೇ ಕರೆದಿದ್ದರು, ಅವರೇ ತೋಟ ಬಿಟ್ಟು ಹೋದರು, ಅಲ್ವಾ? ನಿಜ. ಅದಕ್ಕೇ ನನಗೆ ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ ಹೆಚ್ಚು ನೆನಪಾಗುತ್ತಾನೆ. "ನಮಗೆ ಸಿಕ್ಕಿದ್ದು ನ್ಯಾಯವೇ" ಅಂತ ಅವನೇ ಒಪ್ಪಿಕೊಂಡ. ಯೇಸು ಅವನಿಗೆ ಅವತ್ತೇ ಪರದೈಸಿನ, ಅಂದರೆ ಸ್ವರ್ಗದ, ಮಾತು ಕೊಟ್ಟ. ಆದರೂ ಅವನನ್ನು ಶಿಲುಬೆಯಿಂದ ಇಳಿಸಲಿಲ್ಲ. ಅವನು ಲೂಟಿ ಮಾಡಿದ ಮನೆಗಳಿಗೆ "ನಿಮಗೇನೂ ನಷ್ಟವಾಗಿಲ್ಲ" ಅಂತ ಹೇಳಲೂ ಇಲ್ಲ.

ಇದನ್ನು ನೀನು ಗಟ್ಟಿಯಾಗಿ ಹಿಡಿದುಕೋ ಮಗಳೇ. ದೇವರು ಕ್ಷಮಿಸಿದ ಅಂದಮಾತ್ರಕ್ಕೆ ನಿನಗೆ ಆದದ್ದು ಸಣ್ಣದಾಗುವುದಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ, ಯೇಸು ಮನೆಗೆ ಬಂದಾಗ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಕೃಪೆ ಸಿಕ್ಕವನು ಸಾಲ ತೀರಿಸಲು ಓಡುತ್ತಾನೆ. ನಿನ್ನಪ್ಪನಿಗೆ ಓಡಲು ದಿನ ಉಳಿದಿರಲಿಲ್ಲ. ಆ ಸಾಲ ಹಾಗೇ ಉಳಿಯಿತು. ಅದಕ್ಕೆ ನಾನೂ ಅತ್ತಿದ್ದೇನೆ. ನೀನು ಇವತ್ತೇ ಕ್ಷಮಿಸಬೇಕು ಅಂತ ಯಾರಾದರೂ ಒತ್ತಾಯ ಮಾಡಿದರೆ ನನಗೆ ಹೇಳು, ನಾನು ಮಾತಾಡುತ್ತೇನೆ.

ಆದರೂ ನನ್ನ ಮನಸ್ಸು ಮತ್ತೆ ನೀನು ಎದ್ದು ಹೋದ ಆ ಬಾಗಿಲಿಗೇ ಹೋಗುತ್ತದೆ. ಲೂಕನ 15ನೇ ಅಧ್ಯಾಯದ ಕಥೆಯಲ್ಲಿ, ಆಸ್ತಿ ಹಾಳುಮಾಡಿ ವಾಪಸ್ ಬಂದ ತಮ್ಮನಿಗೆ ಅಪ್ಪ ಔತಣ ಮಾಡಿದ್ದಕ್ಕೆ ಹಿರಿಯ ಮಗ ಸಿಟ್ಟಿನಿಂದ ಹೊರಗೆ ನಿಂತ. ಅಪ್ಪ ತಾನೇ ಹೊರಗೆ ಬಂದು ಬೇಡಿಕೊಂಡ, "ನೀನು ಯಾವಾಗಲೂ ನನ್ನ ಜೊತೆ ಇದ್ದೀಯ, ನನ್ನದೆಲ್ಲ ನಿನ್ನದೇ" ಅಂದ. ಆ ಮಗ ಒಳಗೆ ಹೋದನೋ ಇಲ್ಲವೋ, ಕಥೆಯಲ್ಲಿ ಬರುವುದೇ ಇಲ್ಲ. ಇದನ್ನು ಓದಿದಾಗೆಲ್ಲ ನನಗೆ ಹೆದರಿಕೆ. ನೀನು ಹಾಗೆ ಹೊರಗೇ ಉಳಿದುಬಿಟ್ಟರೆ?

ನಾನು ಪಟ್ಟ ಪಾಡಿಗೆ ಬೆಲೆ ಏನು ಅಂತ ನಿನಗೆ ಸಂಕಟ. ಆ ವರ್ಷಗಳಲ್ಲಿ ನನಗೆ ಸಿಕ್ಕಿದ್ದು ಬರೀ ಬಿಸಿಲಲ್ಲ ಕಣೇ. ನಾವಿಬ್ಬರೂ ಮಂಡಿಯೂರಿ ಪ್ರಾರ್ಥಿಸಿದ ರಾತ್ರಿಗಳಿದ್ದವು. ನೀನು ನೆಟ್ಟಗೆ ಬೆಳೆದೆ, ಯಾರ ಮುಂದೆಯೂ ಸುಳ್ಳು ಹೇಳದೆ. ನನ್ನ ಎದೆ ತುಂಬಿ ಬರುತ್ತದೆ. ನಿನ್ನಪ್ಪನಿಗೆ ಇದ್ಯಾವುದೂ ಸಿಗಲಿಲ್ಲ. ಅವರು ಬಂದಾಗ ಹೊತ್ತು ಮುಳುಗಿತ್ತು. ಅವರ ಕೈಗೆ ಬಿದ್ದ ನಾಣ್ಯ ನೋಡಿ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಅಯ್ಯೋ ಅನಿಸಿತು.

ಉಪದೇಶ ಜಾಸ್ತಿ ಆಯಿತು, ಬೇಜಾರಾಗಬೇಡ. ಸ್ವಲ್ಪ ದಿನ ಸಭೆಗೆ ಹೋಗಲು ಮನಸ್ಸಿಲ್ಲದಿದ್ದರೆ ಬಿಡು. ಆದರೆ ದೇವರ ಜೊತೆ ಮಾತು ಬಿಡಬೇಡ. ಪಶ್ಚಾತ್ತಾಪಪಟ್ಟ ನಿನೆವೆ ಪಟ್ಟಣವನ್ನು ದೇವರು ಉಳಿಸಿದ್ದಕ್ಕೆ ಪ್ರವಾದಿ ಯೋನನಿಗೂ ಸಾಯುವಷ್ಟು ಸಿಟ್ಟು ಬಂದಿತ್ತು. ಅದನ್ನು ದೇವರ ಮುಖಕ್ಕೇ ಹೇಳಿದ. ದೇವರು ಅವನನ್ನು ಓಡಿಸಲಿಲ್ಲ, ಕೂತು ಮಾತಾಡಿದ. ನೀನೂ ಜಗಳವಾಡು, ನ್ಯಾಯ ಕೇಳು.

ಭಾನುವಾರ ರಾತ್ರಿ ಫೋನ್ ಮಾಡುತ್ತೇನೆ. ಎತ್ತು ಮಗಳೇ.

ನಿನ್ನ ಅಮ್ಮ