ಕೊನೆಯ ಆಲ್ಬಮ್ ಮುಗಿಸುವ ಮುನ್ನ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಒಪ್ಪಂದದ ಪ್ರಕಾರ ನಿನ್ನ ರೆಕಾರ್ಡ್ ಕಂಪನಿಗೆ ಇನ್ನು ಒಂದೇ ಆಲ್ಬಮ್ ಕೊಡಬೇಕಿದೆಯೆಂದೂ, ಮೂಲೆಗೆ ಬಿದ್ದಿರುವ ಹಳೆಯ ಧ್ವನಿಮುದ್ರಣಗಳನ್ನು ಒಟ್ಟುಮಾಡಿ ಅದನ್ನು ಬೇಗ ಮುಗಿಸಿ ಹೊರಬರುವೆನೆಂದೂ ಬರೆದಿರುವೆ. ನಿನ್ನ ಅಸಮಾಧಾನಕ್ಕೆ ಕಾರಣವಿದೆ ಎಂಬುದನ್ನು ಬಲ್ಲೆ. ಆದರೆ ಕಂಪನಿಯ ಮೇಲಿನ ಸಿಟ್ಟನ್ನು ಹಾಡಿನ ಮೇಲೆ ತೀರಿಸಿಕೊಳ್ಳಬೇಡ ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ನೀನು ಬಹಳ ಮೆಚ್ಚುವ ಅಮೆರಿಕದ ಗಾಯಕ ಪ್ರಿನ್ಸ್‌ನನ್ನೇ ನೋಡು. 1977ರಲ್ಲಿ ವಾರ್ನರ್ ಬ್ರದರ್ಸ್ ರೆಕಾರ್ಡ್ ಕಂಪನಿ ಸೇರಿದ ಆತ, ಹಾಡುಗಳನ್ನು ಎಷ್ಟು ಬೇಗ ಬಿಡುಗಡೆ ಮಾಡಬೇಕು, ಮಾಸ್ಟರ್‌ಗಳು, ಅಂದರೆ ಹಾಡುಗಳ ಮೂಲ ಧ್ವನಿಮುದ್ರಣಗಳು, ಯಾರ ಸ್ವತ್ತು ಎಂಬ ಜಗಳ ಬೆಳೆದಾಗ 1993ರಲ್ಲಿ ತನ್ನ ಹೆಸರನ್ನೇ ಬಿಟ್ಟು ಒಂದು ಚಿಹ್ನೆಯನ್ನು ಇಟ್ಟುಕೊಂಡ. ಕೆನ್ನೆಯ ಮೇಲೆ ‘ಗುಲಾಮ’ ಎಂದು ಬರೆದುಕೊಂಡು ಜನರ ಮುಂದೆ ಬಂದ. 1996ರ ಜುಲೈನಲ್ಲಿ ಹೊರಬಂದ ‘ಕೇಯಾಸ್ ಅಂಡ್ ಡಿಸಾರ್ಡರ್’ ಆಲ್ಬಮ್‌ನ ಒಳಪುಟದಲ್ಲಿ, ಇದು ಮೂಲತಃ ಖಾಸಗಿ ಬಳಕೆಗೆಂದು ಮಾಡಿದ್ದು, ಆ ಕಂಪನಿಗೆ ಕೊಡುತ್ತಿರುವ ಕೊನೆಯ ಹೊಸ ಸಂಗೀತ ಎಂದು ಅಚ್ಚಾಗಿತ್ತು. ಮನಸ್ಸಿಟ್ಟು ಕೊಡುತ್ತಿಲ್ಲವೆಂದು ಕೇಳುಗನಿಗೆ ಮೊದಲೇ ತಿಳಿಸಿದಂತಾಯಿತು. ಅದರಲ್ಲಿನ ಗಿಟಾರ್ ವಾದನ ನನಗೆ ಇಂದಿಗೂ ಇಷ್ಟ. ಆದರೂ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 26ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಆತನಿಗೆ ಹಾಡುಗಳ ಬರವೇನೂ ಇರಲಿಲ್ಲ, ಏಕೆಂದರೆ ಅದೇ ನವೆಂಬರಿನಲ್ಲಿ ತಾನೇ ಹೊರತಂದ ‘ಇಮ್ಯಾನ್ಸಿಪೇಷನ್’ನಲ್ಲಿ ಮೂರು ಡಿಸ್ಕ್‌ಗಳ ತುಂಬ 36 ಹಾಡುಗಳಿದ್ದವು. ಕೊನೆಗೆ 2014ರಲ್ಲಿ ಅದೇ ವಾರ್ನರ್ ಜೊತೆ ಒಪ್ಪಂದ ಮಾಡಿಕೊಂಡೇ ಹಳೆಯ ಮಾಸ್ಟರ್‌ಗಳ ಒಡೆತನ ಪಡೆದ.

ಇಂಗ್ಲೆಂಡಿನ ರಾಕ್ ತಂಡ ರೇಡಿಯೋಹೆಡ್ ಆರು ಆಲ್ಬಮ್‌ಗಳ ಒಪ್ಪಂದದ ಕೊನೆಯದಾಗಿ 2003ರಲ್ಲಿ ಇಎಂಐ ರೆಕಾರ್ಡ್ ಕಂಪನಿಗೆ ಕೊಟ್ಟ ‘ಹೇಲ್ ಟು ದ ಥೀಫ್’ನಲ್ಲಿ ಹೊರಟುನಿಂತವರ ಉದಾಸೀನ ನನಗೆ ಎಲ್ಲಿಯೂ ಕೇಳಿಸುವುದಿಲ್ಲ. 2007ರಲ್ಲಿ ‘ಇನ್ ರೇನ್‌ಬೋಸ್’ ಅನ್ನು, ನಿಮಗೆ ತೋಚಿದಷ್ಟು ಹಣ ಕೊಟ್ಟು ಪಡೆಯಿರಿ ಎಂದು ತಾವೇ ಅಂತರ್ಜಾಲದಲ್ಲಿಟ್ಟಾಗ, ಅವರನ್ನು ನಂಬುವ ಕೇಳುಗರು ಅವರ ಜೊತೆಗಿದ್ದರು.

ಒಳ್ಳೆಯ ಹಾಡುಗಳನ್ನು ಮುಂದಕ್ಕೆ ಉಳಿಸಿಕೊಳ್ಳುವ ಆಸೆ ತಪ್ಪೆಂದು ನಾನು ಹೇಳುವುದಿಲ್ಲ, ಈ ಆಲ್ಬಮ್‌ನ ಮಾಸ್ಟರ್ ಕಂಪನಿಯ ಪಾಲಾಗುತ್ತದಲ್ಲವೇ. ಇನ್ನೂ ರೂಪುಗೊಳ್ಳುತ್ತಿರುವುದನ್ನು ಉಳಿಸಿಕೊ. ಆದರೆ ಈ ತಂಡದೊಂದಿಗೆ ವರ್ಷಗಟ್ಟಲೆ ವೇದಿಕೆಯಲ್ಲಿ ನುಡಿಸಿ ಹದಕ್ಕೆ ಬಂದಿರುವ ಹಾಡುಗಳನ್ನು ಈಗಲೇ ಮುದ್ರಿಸು. ನಿನ್ನ ಡ್ರಮ್ಮರ್ ಮುಂದೆಯೂ ನಿನ್ನೊಡನಿರುವನೆಂದು ಹೇಳಲಾಗದು, ಅವನ ಕೈಯ ಲಯ ಬೇರೆಯವರಿಂದ ಬರುವಂಥದ್ದಲ್ಲ.

ಇನ್ನು ಕಾಗದಪತ್ರಗಳ ವಿಷಯ. ವೇದಿಕೆ ಕಾರ್ಯಕ್ರಮದ ಧ್ವನಿಮುದ್ರಣ, ಹಳೆಯ ಹಾಡುಗಳ ಸಂಕಲನ, ಹಿಂದೆ ಕೈಬಿಟ್ಟ ಹಾಡುಗಳು, ಇವು ಬಾಕಿ ಆಲ್ಬಮ್‌ನ ಲೆಕ್ಕಕ್ಕೆ ಬರುವುದಿಲ್ಲ ಎಂಬ ಷರತ್ತು ಇಂಥ ಒಪ್ಪಂದಗಳಲ್ಲಿ ಸಾಮಾನ್ಯ. ನಿನ್ನದರಲ್ಲಿಯೂ ಅದಿದ್ದರೆ ನಿನ್ನ ಯೋಜನೆ ಅಲ್ಲಿಗೇ ನಿಂತಿತು. ತನ್ನ ಹಿಂದಿನ ಹಾಡುಗಳನ್ನು ಹೋಲದ ಸಂಗೀತ ಕೊಟ್ಟನೆಂದು 1983ರಲ್ಲಿ ಗೆಫೆನ್ ಕಂಪನಿ ಗಾಯಕ ನೀಲ್ ಯಂಗ್‌ನ ಮೇಲೆ ಮೊಕದ್ದಮೆಯನ್ನೇ ಹೂಡಿತ್ತು. ಆದ್ದರಿಂದ ಆಲ್ಬಮ್ ಸ್ವೀಕರಿಸಿದ್ದೇವೆ, ಬಾಕಿ ಏನೂ ಇಲ್ಲ ಎಂದು ಬರವಣಿಗೆಯಲ್ಲಿ ಪಡೆಯದೆ ಹೊರಬಂದೆನೆಂದು ತಿಳಿಯಬೇಡ. ಹಳೆಯ ಹಾಡುಗಳನ್ನು ಬೇರೆಡೆ ಮರುಮುದ್ರಿಸಲು ಎಷ್ಟು ವರ್ಷ ಕಾಯಬೇಕು, ಒಪ್ಪಂದದ ಅವಧಿಯಲ್ಲಿ ನೀನೇ ಮುದ್ರಿಸಿಕೊಂಡ ಡೆಮೊಗಳು, ಅಂದರೆ ಕರಡು ಧ್ವನಿಮುದ್ರಣಗಳು, ಯಾರವು, ತೀರದ ಮುಂಗಡವನ್ನು ಯಾವ ರಾಯಲ್ಟಿಯಿಂದ ಮುರಿದುಕೊಳ್ಳುತ್ತಾರೆ ಎಂಬುದನ್ನು ಸ್ಟುಡಿಯೋ ಗೊತ್ತುಮಾಡುವ ಮೊದಲೇ ಸಂಗೀತದ ಹಕ್ಕುಗಳನ್ನು ಬಲ್ಲ ವಕೀಲರಿಂದ ಕೇಳಿ ತಿಳಿದುಕೊ. ಅವರು ಹೇಳಿದ್ದನ್ನು ನನಗೂ ಬರೆ. ಹಾಡುಗಳ ಪಟ್ಟಿಯನ್ನು ಆಮೇಲೆ ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ