ಮೊಳೆ ಇಲ್ಲದ ಹಡಗು, ಮತ್ತು ಈ ಶನಿವಾರದ ಹೊಲಿಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಒಂದು ವಾರದಿಂದ ನಿಮ್ಮ ಮಕ್ಕಳು ಮನೆಯಲ್ಲಿ ತೆಂಗಿನ ಸಿಪ್ಪೆ ಹುಡುಕುತ್ತಿದ್ದಾರೆ, ಕತ್ತದ ಹಗ್ಗ ಕೇಳುತ್ತಿದ್ದಾರೆ ಅಲ್ವಾ? ಅದಕ್ಕೆ ಕಾರಣ ನಾನೇ. ಕೆಲವರು ಫೋನ್ ಮಾಡಿ ವಿಚಾರಿಸಿದಿರಿ. ಎಲ್ಲರಿಗೂ ಸೇರಿಸಿ ಇಲ್ಲಿ ಹೇಳುತ್ತೇನೆ.

2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ಒಂದು ಮರದ ಹಡಗು ನೌಕಾಪಡೆಗೆ ಸೇರಿತು. ಹೆಸರು ಕೌಂಡಿನ್ಯ. ಬಹಳ ಹಿಂದೆ ಸಮುದ್ರ ದಾಟಿ ಆಗ್ನೇಯ ಏಷ್ಯಾಕ್ಕೆ ಹೋದ ಅಂತ ಕಥೆ ಇರುವ ನಾವಿಕನ ಹೆಸರು ಅದು. ಈ ಹಡಗಿಗೆ ಎಂಜಿನ್ ಇಲ್ಲ. ಹಲಗೆ ಜೋಡಿಸಲು ಮೊಳೆಯನ್ನೂ ಬಳಸಿಲ್ಲ. ಹಲಗೆಯ ಅಂಚಿಗೆ ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅಲೆ ಬಡಿದಾಗ ಹೊಲಿದ ಮೈ ಸ್ವಲ್ಪ ಬಳುಕುತ್ತದೆ, ಹಾಗಾಗಿ ಸುಲಭಕ್ಕೆ ಸೀಳುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಬೇರೆಯೇ ವಿಷಯ. ಇದನ್ನು ಕಟ್ಟುವವರ ಕೈಯಲ್ಲಿ ಹಳೆಯ ನಕ್ಷೆ ಇರಲಿಲ್ಲ. ಇದ್ದದ್ದು ಅಜಂತಾ ಗುಹೆಯ ಗೋಡೆಯ ಮೇಲಿನ 5ನೇ ಶತಮಾನದ ಒಂದು ಚಿತ್ರ. ಗೋಡೆಯ ಚಿತ್ರದಲ್ಲಿ ಹಡಗಿನ ಒಂದು ಮಗ್ಗುಲು ಕಾಣುತ್ತದೆ, ಹೊಟ್ಟೆಯ ಆಳ ಕಾಣುವುದಿಲ್ಲ. ಅದನ್ನು ಲೆಕ್ಕ ಹಾಕಿಯೇ ಕಂಡುಕೊಳ್ಳಬೇಕಾಯಿತು. ಮದ್ರಾಸ್ ಐಐಟಿಯಲ್ಲಿ ಪುಟ್ಟ ಮಾದರಿಯನ್ನು ನೀರಿಗೆ ಬಿಟ್ಟು ಪರೀಕ್ಷೆ ಮಾಡಿದರು. ಕೇರಳದ ಬಾಬು ಶಂಕರನ್ ಮತ್ತು ಅವರ ತಂಡ ಗೋವಾದಲ್ಲಿ ಕೈಯಾರೆ ಹೊಲಿದರು. ಹಾಯಿಯ ಮೇಲೆ ಗಂಡಭೇರುಂಡ ಇದೆ. ಫೋಟೋ ತೋರಿಸಿದ ಕೂಡಲೇ ಮಕ್ಕಳು "ಟೀಚರ್, ಇದು ನಮ್ಮ ಬಸ್ಸಿನ ಮೇಲೆ ಇರುತ್ತಲ್ಲ!" ಅಂತ ಕೂಗಿದರು.

ಈ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ಗಾಳಿಯನ್ನೇ ನಂಬಿಕೊಂಡು ಜನವರಿ 14ಕ್ಕೆ ಮಸ್ಕತ್ ತಲುಪಿತು.

ನೌಕಾನೆಲೆಯೊಳಗೆ ಹೋಗಲು ಅನುಮತಿ ಬೇಕು. ಸದ್ಯಕ್ಕೆ ಅದು ಆಗದ ಮಾತು. ಅದಕ್ಕೆ ನಾವೇ ಒಂದು ಪುಟ್ಟ ಹೊಲಿದ ದೋಣಿ ಮಾಡೋಣ ಅಂತ ಏಳನೇ ತರಗತಿಯವರು ಹಟ ಹಿಡಿದರು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ತಂದರು. ಪಕ್ಕದ ಬಡಗಿಯವರು ತೂತು ಕೊರೆದು ಕೊಟ್ಟರು. ಎರಡು ದಿನ ಕೂತು ಹೊಲಿದು, ಬಿಸಿಯೂಟದ ದೊಡ್ಡ ಪಾತ್ರೆಯಲ್ಲಿ ತೇಲಿಬಿಟ್ಟೆವು. ನೂರು ಎಣಿಸುವಷ್ಟರಲ್ಲಿ ಒಳಗೆಲ್ಲ ನೀರು ತುಂಬಿತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಒಬ್ಬ ಹುಡುಗಿ ದೋಣಿ ಎತ್ತಿ, ಬೆಳಕಿಗೆ ಹಿಡಿದು, ನೀರು ಎಲ್ಲಿಂದ ಬಂತು ಅಂತ ತೂತು ತೂತು ನೋಡಿದಳು. "ಹಲಗೆ ಸರಿ ಇದೆ ಟೀಚರ್, ಹೊಲಿಗೆ ಹಾಕಿದ ತೂತಿನಿಂದಲೇ ಬರ್ತಿದೆ" ಅಂದಳು. ಹಡಗು ಕಟ್ಟುವವರು ನೀರು ಬರದಂತೆ ನೋಡಿಕೊಳ್ಳುವುದೂ ಅಲ್ಲೇ. ಹಲಗೆಗಳ ಸಂದಿಯ ಮೇಲೆ ನಾರಿನ ಕಟ್ಟು ಇಟ್ಟು ಬಿಗಿದು ಹೊಲಿಯುತ್ತಾರೆ, ತೂತಿಗೆ ನಾರು ತುರುಕಿ ರಾಳ ಬಳಿಯುತ್ತಾರೆ. ನಾನು ಹೇಳುವ ಮೊದಲೇ ಅವಳಿಗೆ ಆ ಜಾಗ ಹೊಳೆದಿತ್ತು. ಆ ಹೊತ್ತು ನನಗಾದ ಖುಷಿಯನ್ನು ಬರೆದು ಮುಗಿಸಲಾರೆ.

ಪರೀಕ್ಷೆ ಹತ್ತಿರ ಬಂತು, ಈಗ ಇದೆಲ್ಲ ಯಾಕೆ ಅಂತ ಕೆಲವರು ಕೇಳಿದ್ದೀರಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಪಾಠದ ಒಂದು ಪಿರಿಯಡ್ಡನ್ನೂ ಇದಕ್ಕೆ ತೆಗೆದುಕೊಂಡಿಲ್ಲ, ಎಲ್ಲವೂ ಶಾಲೆ ಬಿಟ್ಟ ಮೇಲೆ. ಆದರೆ ತೇಲುವುದು, ಮುಳುಗುವುದು ಅನ್ನುವ ಪಾಠವನ್ನು ಈ ಮಕ್ಕಳಿಗೆ ಇನ್ನು ಸುಮ್ನೆ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಈ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, 11:30ಕ್ಕೆ ಎರಡನೇ ದೋಣಿ ಹೊಲಿಯುತ್ತೇವೆ. ನೆನೆಸಿ ಬಡಿದ ತೆಂಗಿನ ನಾರು ಇದ್ದರೆ ಕಳಿಸಿ. ಪ್ಲಾಸ್ಟಿಕ್ ಹಗ್ಗ ಬೇಡ, ಅದರ ಗಂಟು ಜಾರುತ್ತದೆ. ತೂತಿಗೆ ಬಳಿಯಲು ಹಾಲುಮಡ್ಡಿ (ಮರದ ರಾಳ) ಇದ್ದರೆ ಒಂದು ಚೂರು ಕಳಿಸಿ. ಅದನ್ನು ಕಾಯಿಸುವ ಕೆಲಸ ಶಿಕ್ಷಕರದ್ದು, ಮಕ್ಕಳು ಒಲೆಯ ಹತ್ತಿರ ಬರುವುದಿಲ್ಲ.

ಇನ್ನೊಂದು ಮಾತು. ತೊಡೆಯ ಮೇಲೆ ಹುರಿ ಹೊಸೆಯಲು ಬರುವ ಅಜ್ಜ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕರೆದುಕೊಂಡು ಬನ್ನಿ. ನಮ್ಮ ಶಿಕ್ಷಕರಲ್ಲಿ ಯಾರಿಗೂ ಅದು ಬರುವುದಿಲ್ಲ. ಅವರಿಗೆ ಕುರ್ಚಿ ಹಾಕಿಸಿರುತ್ತೇನೆ, ಚಹಾ ನಮ್ಮದು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ